ಒಳಮನೆಯ ಚಿತ್ರಕ್ಕೂ ಶಾಲೆಯಲ್ಲಿ ಸ್ಥಾನವಿರಲಿ

ಯಾವ ಶಾಲೆಯ ವಾರ್ಷಿಕೋತ್ಸವದ ಚಿತ್ರಪ್ರದರ್ಶನಕ್ಕೆ ಹೋದರೂ ಒಂದು ಚಿತ್ರ ತಪ್ಪದೆ ಕಣ್ಣಿಗೆ ಬೀಳುತ್ತದೆ. ಎರಡು ಬೆಟ್ಟಗಳು, ಅವುಗಳ ನಡುವೆ ಅರ್ಧ ಮೂಡಿದ ಸೂರ್ಯ, ಬೆಟ್ಟದ ಬುಡದಿಂದ ಹರಿದುಬರುವ ನದಿ, ದಂಡೆಯ ಮೇಲೊಂದು ಗುಡಿಸಲು, ಆಕಾಶದಲ್ಲಿ ನಾಲ್ಕು ಹಕ್ಕಿಗಳು. ಅರಸೀಕೆರೆಯ ಬಯಲಿನ ಹುಡುಗನೂ, ಬೇಲೂರಿನ ಕಾಫಿತೋಟದ ಸೆರಗಿನಲ್ಲಿ ಬೆಳೆದ ಹುಡುಗಿಯೂ, ಹಳೇಬೀಡಿನ ಕೆರೆಯ ಏರಿಯ ಮೇಲೆ ಆಡಿದ ಬಾಲಕನೂ ಇದೇ ಚಿತ್ರವನ್ನು ಇದೇ ಬಣ್ಣಗಳಲ್ಲಿ ಬರೆಯುತ್ತಾರೆ. ಮೂವರ ಊರುಗಳೂ ಬೇರೆ, ಮಳೆಯೂ ಬೇರೆ, ಮಣ್ಣಿನ ಬಣ್ಣವೂ ಬೇರೆ. ಆದರೆ ಚಿತ್ರ ಮಾತ್ರ ಒಂದೇ.

ಇದೇ ಮಕ್ಕಳಿಗೆ ‘ಮನೆಯ ಒಳಗಿನ ಒಂದು ಕೋಣೆಯನ್ನು ಬರೆಯಿರಿ’ ಎಂದು ಹೇಳಿದರೆ ಫಲಿತಾಂಶ ಇನ್ನೂ ವಿಚಿತ್ರವಾಗಿರುತ್ತದೆ. ಹಾಳೆಯ ಮೇಲೆ ಒಂದು ಸೋಫಾ ಮೂಡುತ್ತದೆ, ಗೋಡೆಯಲ್ಲಿ ದೊಡ್ಡದೊಂದು ಟಿ.ವಿ., ಮೂಲೆಯಲ್ಲಿ ಹೂದಾನಿ, ಕಿಟಕಿಗೆ ನೆರಿಗೆಯ ಪರದೆ. ಆ ಮನೆ ಯಾರದೆಂದು ಕೇಳಿದರೆ ಮಕ್ಕಳಲ್ಲಿ ಉತ್ತರವಿಲ್ಲ. ಅದು ಜಾಹೀರಾತಿನ ಮನೆ, ಧಾರಾವಾಹಿಯ ಮನೆ. ಅವರು ಬೆಳಿಗ್ಗೆ ಎದ್ದು ಚಾಪೆ ಸುತ್ತಿಟ್ಟುಬಂದ ನಡುಮನೆ, ಪಾಟೀಚೀಲ ತೂಗುಹಾಕುವ ಮೊಳೆ, ಅಜ್ಜಿ ಒರಗಿ ಕೂರುವ ಕಂಬ ಇವಾವುವೂ ಆ ಹಾಳೆಯಲ್ಲಿ ಇರುವುದಿಲ್ಲ. ತಾನು ವಾಸಿಸುವ ಮನೆ ಚಿತ್ರಕ್ಕೆ ತಕ್ಕುದಲ್ಲವೆಂಬ ತೀರ್ಮಾನಕ್ಕೆ ಮಗು ಯಾರೂ ಹೇಳಿಕೊಡದೆಯೇ ಬಂದುಬಿಟ್ಟಿರುತ್ತದೆ.

ಈ ತೀರ್ಮಾನವನ್ನು ಮುರಿಯುವುದು ಶಾಲೆಯ ಕರ್ತವ್ಯಗಳಲ್ಲಿ ಒಂದಾಗಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆಯಾದರೂ ತಾನಿರುವ ಕೋಣೆಯ ಒಳಭಾಗವನ್ನು, ಅದು ಇರುವಂತೆಯೇ, ಸ್ಕೆಚ್ ಪೆನ್ನು ಮತ್ತು ಬಣ್ಣದ ಪೆನ್ಸಿಲುಗಳಿಂದ ಬರೆಯುವ ಅಭ್ಯಾಸ ಶಾಲೆಗಳಲ್ಲಿ ನೆಲೆಗೊಳ್ಳಬೇಕು. ಇದು ಮೇಲುನೋಟಕ್ಕೆ ಸಣ್ಣ ಮಾತಾಗಿ ಕಂಡರೂ ಇದರ ಹಿಂದೆ ನೋಡುವುದನ್ನು ಕಲಿಸುವ ಪ್ರಶ್ನೆಯೂ, ನಾಚಿಕೆಯನ್ನು ಕಳೆಯುವ ಪ್ರಶ್ನೆಯೂ, ಕಣ್ಮರೆಯಾಗುತ್ತಿರುವ ಒಂದು ಬದುಕನ್ನು ದಾಖಲಿಸುವ ಪ್ರಶ್ನೆಯೂ ಅಡಗಿವೆ.

ಬಳಪದ ಕಲ್ಲಿನ ನಾಡು

ಇಂತಹ ಸಲಹೆಗೆ ಈ ಸೀಮೆಯಲ್ಲಿ ಏಳುವ ಮೊದಲ ಆಕ್ಷೇಪ ಸಹಜವಾದುದೇ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯ ಬೇಲೂರಿನಲ್ಲಿದೆ. ಅದೇ ಶತಮಾನದ ಹೊಯ್ಸಳೇಶ್ವರ ದೇವಾಲಯ ಹಳೇಬೀಡಿನಲ್ಲಿದೆ. ಅರಸೀಕೆರೆಯಲ್ಲಿ 1220ರ ಈಶ್ವರ ದೇವಾಲಯವಿದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇಷ್ಟು ದೊಡ್ಡ ಕಲಾಸಂಪತ್ತನ್ನು ಬಾಗಿಲಲ್ಲಿಟ್ಟುಕೊಂಡು ಮಕ್ಕಳು ಅಡಿಗೆಮನೆಯ ಡಬ್ಬಗಳನ್ನು ಏಕೆ ಬರೆಯಬೇಕು, ಮದನಿಕೆಯರನ್ನು ನೋಡಿ ಬರೆಯಬಾರದೇ ಎಂದು ಹಿರಿಯರು ಕೇಳಬಹುದು.

ಮದನಿಕೆಯರನ್ನು ಬರೆಯಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಆ ಶಿಲ್ಪಗಳನ್ನು ಕಡೆದವರು ಏನನ್ನು ನೋಡಿ ಕಡೆದರೆಂಬುದನ್ನು ಯೋಚಿಸಬೇಕು. ಬೇಲೂರಿನ ದರ್ಪಣಸುಂದರಿಯ ಕೈಯಲ್ಲಿರುವುದು ಒಂದು ಕನ್ನಡಿ. ಅದು ಆ ಕಾಲದ ಮನೆಯೊಳಗಿನ ವಸ್ತು. ಹೆಣ್ಣುಮಕ್ಕಳ ತಲೆಗಟ್ಟು, ಕಿವಿಯೋಲೆ, ವಾದ್ಯ, ಆಯುಧ, ಬಳ್ಳಿ, ಹಣ್ಣು ಇವೆಲ್ಲವೂ ಆ ಶಿಲ್ಪಿಗಳು ದಿನನಿತ್ಯ ಕಂಡಿದ್ದ ಲೋಕದಿಂದಲೇ ಕಲ್ಲಿಗೆ ಬಂದವು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಕೆಲಸದ ಕೆಳಗೆ ತಮ್ಮ ಹೆಸರನ್ನು ಕೆತ್ತಿದರು. ತಾನು ಕಂಡದ್ದನ್ನು ತನ್ನ ಹೆಸರಿನಲ್ಲಿ ಮುಂದಿಡುವ ಧೈರ್ಯ ಅವರಿಗಿತ್ತು. ಅವರ ಮೂರ್ತಿಗಳನ್ನು ನಕಲುಮಾಡುವುದು ಒಂದು ಕಲಿಕೆ. ಅವರಂತೆ ಸುತ್ತಮುತ್ತ ನೋಡುವುದು ಅದಕ್ಕಿಂತ ಹಿರಿದಾದ ಕಲಿಕೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬಹುದು. ಈ ದೇವಾಲಯಗಳಿಗೆ ಬಳಸಿದ ಕಲ್ಲನ್ನು ಜನರು ಬಳಪದ ಕಲ್ಲೆಂದು ಕರೆಯುತ್ತಾರೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಗುಣ ಅದಕ್ಕಿದೆ. ಅಷ್ಟೊಂದು ಸೂಕ್ಷ್ಮ ಕೆತ್ತನೆ ಸಾಧ್ಯವಾದುದು ಇದರಿಂದಲೇ. ತಲೆಮಾರುಗಳ ಕಾಲ ಮಕ್ಕಳು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಕಡ್ಡಿಯ ಹೆಸರೂ ಬಳಪವೇ. ದೇವಾಲಯದ ಕಲ್ಲಿಗೂ ಮಗುವಿನ ಕೈಯ ಕಡ್ಡಿಗೂ ಒಂದೇ ಹೆಸರಿರುವ ಈ ನಾಡಿನಲ್ಲಿ, ದೊಡ್ಡ ಕಲೆ ಮತ್ತು ಚಿಕ್ಕ ಕೈ ಇವೆರಡರ ನಡುವೆ ಅಷ್ಟು ದೂರವನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ.

ಅಷ್ಟೇ ಅಲ್ಲ, ಒಳಾಂಗಣವನ್ನು ನೋಡುವ ಪಾಠ ಈ ದೇವಾಲಯಗಳಲ್ಲೇ ಇದೆ. ಬೇಲೂರಿನ ನವರಂಗ ಮೊದಲು ತೆರೆದಿದ್ದು, ಅನಂತರದ ಕಾಲದಲ್ಲಿ ಅದಕ್ಕೆ ಕಲ್ಲಿನ ಜಾಲಂಧ್ರಗಳನ್ನು ಅಳವಡಿಸಲಾಯಿತು. ಹೊರಬಿಸಿಲಿನಿಂದ ಒಳಹೊಕ್ಕವರಿಗೆ ಮೊದಲ ಒಂದೆರಡು ನಿಮಿಷ ಏನೂ ಕಾಣದು. ಬಳಿಕ ಜಾಲಂಧ್ರದ ತೂತುಗಳಿಂದ ಸೋಸಿಬಂದ ಬೆಳಕು ಕಂಬದ ತಿರುವುಗಳ ಮೇಲೆ ನಿಧಾನವಾಗಿ ಕಾಣತೊಡಗುತ್ತದೆ. ಅರಸೀಕೆರೆಯ ದೇವಾಲಯದ ನಕ್ಷತ್ರಾಕಾರದ ಮುಖಮಂಟಪದ ಅನುಭವವೇ ಬೇರೆ. ಅಲ್ಲಿ ಗುಮ್ಮಟದಂತಹ ಚಾವಣಿಯ ಕೆಳಗೆ ಕುಳಿತವರಿಗೆ ಬೆಳಕು ಸುತ್ತಲಿನಿಂದಲೂ ಬರುತ್ತದೆ. ಒಂದೇ ತಾಸಿನ ಪ್ರಯಾಣದ ಅಂತರದಲ್ಲಿ ಎರಡು ಬಗೆಯ ಬೆಳಕುಗಳಿವೆ. ಇವನ್ನು ಗುರುತಿಸಬಲ್ಲ ಕಣ್ಣು ಮನೆಯಲ್ಲಿಯೇ ಪಳಗಬೇಕು. ಹಂಚಿನ ಮಾಡಿನ ನಡುವಿನ ಗಾಜಿನ ಹಂಚಿನಿಂದ ನಡುಮನೆಗೆ ಇಳಿಯುವ ಬಿಸಿಲುಕೋಲನ್ನು ಗಮನಿಸದ ಮಗು ನವರಂಗದ ಬೆಳಕನ್ನೂ ಗಮನಿಸಲಾರದು.

ಕೋಣೆಯನ್ನು ಬರೆದವರು

ಕೋಣೆಯ ಒಳಭಾಗ ಚಿತ್ರಕ್ಕೆ ಅಲ್ಪವಾದ ವಸ್ತುವೆಂಬ ಭಾವನೆಯನ್ನು ಲೋಕದ ಚಿತ್ರಕಾರರು ಎಂದೋ ಸುಳ್ಳುಮಾಡಿದ್ದಾರೆ. 1888ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ವಿನ್ಸೆಂಟ್ ವ್ಯಾನ್ ಗೋ ತನ್ನ ಮಲಗುವ ಕೋಣೆಯನ್ನು ಬರೆದನು. ಅದರಲ್ಲಿರುವುದು ಒಂದು ಮರದ ಮಂಚ, ಎರಡು ಕುರ್ಚಿ, ಒಂದು ಮೇಜು, ಗೂಟಕ್ಕೆ ತೂಗುಹಾಕಿದ ಬಟ್ಟೆ, ಒಂದು ಕಿಟಕಿ. ಬಡವನೊಬ್ಬನ ಬಾಡಿಗೆಯ ಕೋಣೆ. ಆ ಕೋಣೆಯ ಮೇಲೆ ಅವನಿಗಿದ್ದ ಮಮತೆ ಎಷ್ಟೆಂದರೆ, 1889ರಲ್ಲಿ ಅದನ್ನೇ ಮತ್ತೆರಡು ಬಾರಿ ಬರೆದನು. ತಮ್ಮನಾದ ಥಿಯೋಗೆ ಬರೆದ ಪತ್ರದಲ್ಲಿ ಅದರ ಒಂದೊಂದು ಬಣ್ಣವನ್ನೂ ವಿವರಿಸಿದನು. ಇಂದು ಆಮ್‌ಸ್ಟರ್‌ಡಾಮ್, ಶಿಕಾಗೋ, ಪ್ಯಾರಿಸ್ ನಗರಗಳ ವಸ್ತುಸಂಗ್ರಹಾಲಯಗಳು ಆ ಮೂರು ಚಿತ್ರಗಳನ್ನು ಕಾಪಾಡಿಕೊಂಡಿವೆ.

ಸ್ವೀಡನ್ನಿನ ಕಾರ್ಲ್ ಲಾರ್ಸನ್ ಎಂಬ ಚಿತ್ರಕಾರನು ಸುಂಡ್‌ಬೋರ್ನ್ ಎಂಬ ಹಳ್ಳಿಯಲ್ಲಿದ್ದ ತನ್ನ ಮರದ ಮನೆಯ ಕೋಣೆಗಳನ್ನು ಜಲವರ್ಣದಲ್ಲಿ ಬರೆದು, ಆ ಪೈಕಿ 24 ಚಿತ್ರಗಳನ್ನು 1899ರಲ್ಲಿ ‘ಒಂದು ಮನೆ’ ಎಂಬರ್ಥದ ಹೆಸರಿನಿಂದ ಪುಸ್ತಕವಾಗಿ ಪ್ರಕಟಿಸಿದನು. ಆ ಕೋಣೆಗಳ ಬಟ್ಟೆ, ಪೀಠೋಪಕರಣಗಳ ವಿನ್ಯಾಸದಲ್ಲಿ ಅವನ ಪತ್ನಿ ಕಾರಿನ್ ಅವರ ಕೈವಾಡ ದೊಡ್ಡದು. ಮಕ್ಕಳು ಆಡುವ, ಓದುವ, ಉಣ್ಣುವ ಕೋಣೆಗಳ ಆ ಚಿತ್ರಗಳು ಒಂದು ದೇಶದ ಜನ ತಮ್ಮ ಮನೆಗಳನ್ನು ಕಾಣುವ ರೀತಿಯನ್ನೇ ಬದಲಿಸಿದವು. ಪರದೇಶದ ಅರಮನೆಗಳನ್ನು ಅನುಕರಿಸುವುದಕ್ಕಿಂತ ಹಳ್ಳಿಯ ಮನೆಯ ಸರಳತೆಯೇ ಚೆಲುವೆಂಬ ಅರಿವು ಅಲ್ಲಿ ಹರಡಲು ಅವು ಕಾರಣವಾದವು.

ದೂರ ಹೋಗದೆ ಕನ್ನಡನಾಡಿನಲ್ಲೇ ಹುಡುಕುವುದಾದರೆ, 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್.ಕೆ. ಲಕ್ಷ್ಮಣ್ ಅವರ ಉದಾಹರಣೆಯಿದೆ. ಬಾಲ್ಯದಲ್ಲಿ ಅವರು ಮನೆಯ ನೆಲ, ಗೋಡೆಗಳ ಮೇಲೆ ಗೀಚಿದರು. ಕೋಣೆಯ ಕಿಟಕಿಯಿಂದ ಕಾಣುವ ಒಣಕಡ್ಡಿ, ಎಲೆ, ಕಾಗೆಗಳನ್ನು ಬರೆದರು. ಸೌದೆ ಒಡೆಯುವ ಆಳನ್ನು ಬರೆದರು. ದೇಶವೇ ಮೆಚ್ಚಿದ ವ್ಯಂಗ್ಯಚಿತ್ರಕಾರನ ಪಾಠಶಾಲೆ ಆ ಕಿಟಕಿಯೇ ಆಗಿತ್ತು.

ಎರಡು ಉಪಕರಣಗಳು

ಇಂತಹ ಅಭ್ಯಾಸಕ್ಕೆ ತೈಲವರ್ಣವಾಗಲಿ ಚಿತ್ರಫಲಕವಾಗಲಿ ಬೇಕಾಗಿಲ್ಲ. ಹನ್ನೆರಡು ಬಣ್ಣದ ಪೆನ್ಸಿಲುಗಳ ಒಂದು ಪೆಟ್ಟಿಗೆ, ಅಷ್ಟೇ ಸಂಖ್ಯೆಯ ಸ್ಕೆಚ್ ಪೆನ್ನುಗಳು, ದಪ್ಪನೆಯ ಡ್ರಾಯಿಂಗ್ ಹಾಳೆ ಇಷ್ಟಿದ್ದರೆ ಸಾಕು. 1931ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ಯಾಮ್ಲಿನ್, 1958ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಪೆನ್ಸಿಲ್ಸ್ ಮೊದಲಾದ ಸಂಸ್ಥೆಗಳಿಂದಾಗಿ ಇವು ಇಂದು ತಾಲ್ಲೂಕು ಕೇಂದ್ರದ ಪುಸ್ತಕದಂಗಡಿಯಲ್ಲಿಯೂ ದೊರೆಯುತ್ತವೆ. ನಾರಿನ ತುದಿಯ ಪೆನ್ನನ್ನು 1962ರಲ್ಲಿ ಜಪಾನಿನ ಯುಕಿಯೋ ಹೋರೀ ರೂಪಿಸಿದ ಮೇಲೆ, ನೀರಿನಲ್ಲಿ ಕರಗಿದ ಬಣ್ಣವನ್ನು ಕುಂಚವಿಲ್ಲದೆಯೇ ಹಾಳೆಗೆ ಹಾಕುವುದು ಮಕ್ಕಳಿಗೂ ಸುಲಭವಾಯಿತು.

ಈ ಎರಡು ಉಪಕರಣಗಳ ಸ್ವಭಾವ ಬೇರೆ ಬೇರೆ. ಸ್ಕೆಚ್ ಪೆನ್ನಿನೊಳಗಿರುವುದು ದ್ರವರೂಪದ ಬಣ್ಣ. ಅದು ಕಾಗದದ ನಾರಿನೊಳಕ್ಕೆ ಇಳಿದು ಸಮನಾಗಿ ಹರಡುತ್ತದೆ, ಅಳಿಸಲು ಬಾರದು. ಬಣ್ಣದ ಪೆನ್ಸಿಲಿನ ಕಡ್ಡಿಯಲ್ಲಿರುವುದು ಬಣ್ಣದ ಪುಡಿ, ಮೇಣ ಮತ್ತು ನುಣುಪಾದ ಜೇಡಿ. ಅದು ಕಾಗದದ ಮೇಲ್ಮೈಯಲ್ಲಿ ಪದರಪದರವಾಗಿ ಕೂರುತ್ತದೆ. ಆದುದರಿಂದ ಮೊದಲು ಪೆನ್ನು, ಬಳಿಕ ಪೆನ್ಸಿಲು ಎಂಬುದು ನಿಯಮ. ಗೋಡೆ, ನೆಲ, ಬಾಗಿಲುಗಳಂತಹ ಅಗಲವಾದ ಜಾಗಗಳಿಗೆ ತಿಳಿಬಣ್ಣದ ಪೆನ್ನನ್ನು ಒಂದೇ ದಿಕ್ಕಿನಲ್ಲಿ ಎಳೆದು, ಒಣಗಿದ ಮೇಲೆ ನೆರಳನ್ನೂ ಮರದ ನಾರನ್ನೂ ಗೋಡೆಯ ಒರಟುತನವನ್ನೂ ಪೆನ್ಸಿಲಿನಿಂದ ತರಬೇಕು. ಈ ಕ್ರಮವನ್ನು ತಿರುಗಿಸಿದರೆ ಪೆನ್ಸಿಲಿನ ಮೇಣ ಪೆನ್ನಿನ ತುದಿಗೆ ಮೆತ್ತಿಕೊಂಡು ಪೆನ್ನೇ ಹಾಳಾಗುತ್ತದೆ.

ಬಣ್ಣದ ವಿಷಯದಲ್ಲಿ ಮಕ್ಕಳು ಕಲಿಯಬೇಕಾದ ಮೊದಲ ಪಾಠ, ನೆರಳು ಕಪ್ಪಲ್ಲವೆಂಬುದು. ಸುಣ್ಣದ ಗೋಡೆಯ ನೆರಳಿನಲ್ಲಿ ತೆಳುವಾದ ನೇರಿಳೆಯೋ ನೀಲಿಯೋ ಇರುತ್ತದೆ. ಕೆಂಪು ಗಾರೆಯ ನೆಲದ ಮೇಲೆ ಕಂಬದ ನೆರಳು ಬಿದ್ದಲ್ಲಿ, ಕೆಂಪಿನ ಮೇಲೆ ಹಸಿರು ಪೆನ್ಸಿಲನ್ನು ಹಗುರವಾಗಿ ಆಡಿಸಿದರೆ ನಿಜವಾದ ಕಂದು ತಾನಾಗಿ ಮೂಡುತ್ತದೆ. ಹೊಗೆ ಹಿಡಿದ ಅಡಿಗೆಮನೆಯ ಗೋಡೆಗೆ ಕಪ್ಪು ಬಳಿದರೆ ಅದು ರಂಧ್ರದಂತೆ ಕಾಣುತ್ತದೆ. ಕಂದು, ನೇರಿಳೆ, ಕಡುನೀಲಿಗಳನ್ನು ಒಂದರ ಮೇಲೊಂದು ಹಾಕಿದರೆ ವರ್ಷಗಳ ಹೊಗೆಯೇ ಕಣ್ಣಮುಂದೆ ನಿಲ್ಲುತ್ತದೆ. ಹಿತ್ತಾಳೆಯ ಬಿಂದಿಗೆಯ ಹೊಳಪಿಗೆ ಯಾವ ಬಣ್ಣವೂ ಬೇಡ. ಆ ಜಾಗದ ಕಾಗದವನ್ನು ಬಿಳಿಯಾಗಿಯೇ ಬಿಡಬೇಕು. ಎಲ್ಲಿ ಬರೆಯಬಾರದೆಂಬುದನ್ನು ಮೊದಲೇ ನಿಶ್ಚಯಿಸುವ ಸಂಯಮವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ದುರ್ಲಭ.

ಸ್ಕೆಚ್ ಪೆನ್ನಿನ ಬಣ್ಣಗಳು ಬಿಸಿಲಿಗೆ ಮಾಸುತ್ತವೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ವ್ಯಾನ್ ಗೋನ ಕೋಣೆಯ ಗೋಡೆಗಳು ಇಂದು ನೀಲಿಯಾಗಿ ಕಾಣುತ್ತವೆ. ಅವನು ಹಾಕಿದ್ದು ತಿಳಿನೇರಿಳೆ. ಅದರೊಳಗಿನ ಕೆಂಪು ಕಾಲಕ್ರಮದಲ್ಲಿ ಮಾಸಿಹೋಗಿ ನೀಲಿ ಮಾತ್ರ ಉಳಿಯಿತು. ಆದುದರಿಂದ ಮಕ್ಕಳ ಚಿತ್ರಗಳನ್ನು ಗೋಡೆಗೆ ಅಂಟಿಸಿ ಬಿಸಿಲಿಗೆ ಒಡ್ಡುವ ಬದಲು ಕಡತದಲ್ಲಿ ಜೋಪಾನವಾಗಿಡುವುದು ಮೇಲು.

ನೆಲದ ಮೇಲೆ ಕುಳಿತವನ ಕಣ್ಣು

ಕೋಣೆಯನ್ನು ಬರೆಯುವಾಗ ದೂರ ಸಮೀಪಗಳನ್ನು ತೋರಿಸುವ ವಿಧಾನವೊಂದು ಬೇಕಾಗುತ್ತದೆ. ಚಿತ್ರಶಿಕ್ಷಕರು ಇದನ್ನು ಪರ್ಸ್‌ಪೆಕ್ಟಿವ್ ಎನ್ನುತ್ತಾರೆ. ಹದಿನೈದನೆಯ ಶತಮಾನದ ಇಟಲಿಯಲ್ಲಿ ರೂಪುಗೊಂಡು, 1435ರಲ್ಲಿ ಆಲ್ಬರ್ಟಿ ಎಂಬ ವಿದ್ವಾಂಸನ ಗ್ರಂಥದಲ್ಲಿ ನಿರೂಪಿತವಾದ ಈ ವಿಧಾನ ಮೂಲತಃ ಸರಳ. ಎದುರುಗೋಡೆಯನ್ನು ಒಂದು ಆಯತವಾಗಿ ಬರೆಯುವುದು, ನೋಡುವವನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅದರ ಮೇಲೊಂದು ಬಿಂದುವನ್ನು ಗುರುತಿಸುವುದು, ಆ ಬಿಂದುವಿನಿಂದ ಆಯತದ ನಾಲ್ಕು ಮೂಲೆಗಳ ಮೂಲಕ ಹೊರಕ್ಕೆ ಗೆರೆ ಎಳೆಯುವುದು. ಪಕ್ಕದ ಗೋಡೆಗಳೂ ನೆಲವೂ ಚಾವಣಿಯೂ ತಾವಾಗಿ ಮೂಡುತ್ತವೆ.

ಆದರೆ ಅಂಗಡಿಗಳಲ್ಲಿ ದೊರೆಯುವ ಕೈಪಿಡಿಗಳೆಲ್ಲ ನಿಂತವನ ಇಲ್ಲವೇ ಕುರ್ಚಿಯಲ್ಲಿ ಕುಳಿತವನ ಕಣ್ಣಿನ ಮಟ್ಟವನ್ನು ಗೃಹೀತವಾಗಿ ಹಿಡಿದಿರುತ್ತವೆ. ಈ ಸೀಮೆಯ ಮನೆಗಳಲ್ಲಿ ಉಣ್ಣುವುದು, ಓದುವುದು, ಹರಟುವುದು ಬಹುಮಟ್ಟಿಗೆ ನೆಲದ ಮೇಲೆ. ಚಕ್ಕಳಮಕ್ಕಳ ಹಾಕಿ ಕುಳಿತ ಬಾಲಕನ ಕಣ್ಣು ನೆಲದಿಂದ ಎರಡು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಅಲ್ಲಿಂದ ನೋಡಿದಾಗ ಗೂಡಿನ ಹಲಗೆಯ ಅಡಿಭಾಗ ಕಾಣುತ್ತದೆ, ಮಾಡಿನ ತೊಲೆಗಳು ಬಹು ಎತ್ತರವಾಗಿ ತೋರುತ್ತವೆ, ನೆಲ ಕಿರಿದಾದ ಪಟ್ಟಿಯಾಗಿ ಮಲಗುತ್ತದೆ, ಮಣೆಯ ಮೇಲೆ ಕುಳಿತ ತಾಯಿ ಗೋಪುರದಂತೆ ನಿಲ್ಲುತ್ತಾಳೆ. ಹಲವು ಹಳೆಯ ಮನೆಗಳ ಕಿಟಕಿಗಳು ನೆಲಕ್ಕೆ ಅಷ್ಟು ಸಮೀಪವಾಗಿ ಏಕಿವೆಯೆಂಬುದು ಹೀಗೆ ಕುಳಿತು ಬರೆದವನಿಗೆ ತಾನಾಗಿ ಅರ್ಥವಾಗುತ್ತದೆ. ಅವು ಕುಳಿತವರಿಗಾಗಿ ಇಟ್ಟ ಕಿಟಕಿಗಳು. ಪುಸ್ತಕದ ನಿಯಮವನ್ನು ತನ್ನ ಮನೆಯ ನೆಲಕ್ಕೆ ಇಳಿಸಿಕೊಂಡಾಗ ಆ ವಿದ್ಯೆ ಅವನ ಸ್ವಂತದ್ದಾಗುತ್ತದೆ.

ನಾಚಿಕೆಯ ಪ್ರಶ್ನೆ

ಇಲ್ಲಿ ಒಂದು ಕಠಿಣವಾದ ಮಾತನ್ನು ಮರೆಮಾಚಬಾರದು. ಎಲ್ಲ ಮಕ್ಕಳ ಮನೆಯೂ ಒಂದೇ ತೆರನಾಗಿಲ್ಲ. ಒಬ್ಬನದು ತೊಟ್ಟಿಮನೆ, ಇನ್ನೊಬ್ಬನದು ಒಂದೇ ಕೋಣೆಯ ಬಾಡಿಗೆ ಮನೆ, ಮತ್ತೊಬ್ಬಳದು ಕಾಫಿತೋಟದ ಕೂಲಿಲೈನಿನ ಕೊನೆಯ ಮನೆ. ಎಲ್ಲರೂ ತಮ್ಮ ಕೋಣೆಯನ್ನು ಬರೆದುತರಬೇಕೆಂದರೆ ತರಗತಿಯಲ್ಲಿ ಬಡತನ ಬಟಾಬಯಲಾಗುವುದಿಲ್ಲವೇ, ಮಗು ಅವಮಾನಕ್ಕೆ ಗುರಿಯಾಗುವುದಿಲ್ಲವೇ ಎಂಬ ಆತಂಕ ನ್ಯಾಯವಾದುದು. ಇದನ್ನು ಅಲ್ಲಗಳೆದು ಮುಂದುವರಿಯುವ ಶಿಕ್ಷಕನು ಮಕ್ಕಳಿಗೆ ಹಾನಿಯನ್ನೇ ಮಾಡುತ್ತಾನೆ.

ಆದರೆ ಇದಕ್ಕೆ ಪರಿಹಾರವೆಂದು ಚಿತ್ರವನ್ನೇ ಕೈಬಿಟ್ಟರೆ ಆ ನಾಚಿಕೆಗೆ ಶಾಲೆಯೇ ಒಪ್ಪಿಗೆಯ ಮುದ್ರೆ ಒತ್ತಿದಂತಾಗುತ್ತದೆ. ಬೇಕಾದುದು ಎಚ್ಚರಿಕೆ. ಯಾವ ಮೂಲೆಯನ್ನು ಬರೆಯಬೇಕೆಂಬ ಆಯ್ಕೆ ಮಗುವಿನದೇ ಆಗಿರಬೇಕು. ಒಂದು ಗೂಡು, ಒಂದು ಕಿಟಕಿ, ನೇಲೆಯ ಮೇಲೆ ಒಣಗಿದ ಬಟ್ಟೆ ಇಷ್ಟಾದರೂ ಸಾಕು. ಚಿತ್ರದಲ್ಲಿ ಏನಿದೆಯೆಂಬುದಕ್ಕೆ ಅಂಕ ಕೊಡಬಾರದು. ಎಷ್ಟು ಗಮನವಿಟ್ಟು ನೋಡಿದೆಯೆಂಬುದಕ್ಕೆ ಮಾತ್ರ ಕೊಡಬೇಕು. ಮಗುವಿನ ಹಾಗೂ ಮನೆಯವರ ಒಪ್ಪಿಗೆಯಿಲ್ಲದೆ ಯಾವ ಚಿತ್ರವನ್ನೂ ಪ್ರದರ್ಶನಕ್ಕೆ ಇಡಬಾರದು. ಮನೆಯನ್ನು ಬರೆಯಲು ಇಷ್ಟವಿಲ್ಲದವರು ತರಗತಿಯ ಕೋಣೆಯನ್ನೋ ಮಠದ ದಾಸೋಹದ ಅಡಿಗೆಮನೆಯನ್ನೋ ಬರೆಯಲಿ.

ಪ್ರಸಾದನಿಲಯದ ವಿದ್ಯಾರ್ಥಿಗಳಿಗಂತೂ ಇದು ವಿಶೇಷವಾಗಿ ಸಲ್ಲುವ ಅಭ್ಯಾಸ. ಮಠಗಳು ನಡೆಸಿಕೊಂಡು ಬಂದಿರುವ ಉಚಿತ ಪ್ರಸಾದನಿಲಯಗಳಲ್ಲಿ ಓದಿ ಬೆಳೆದವರ ಸಂಖ್ಯೆ ಕರ್ನಾಟಕದಲ್ಲಿ ಬಹು ದೊಡ್ಡದು. ಉದ್ದನೆಯ ಹಜಾರದಲ್ಲಿ ಸಾಲಾಗಿ ಇಟ್ಟ ತಗಡಿನ ಟ್ರಂಕುಗಳು, ಸುತ್ತಿಟ್ಟ ಜಮಖಾನ, ತಟ್ಟೆ ಲೋಟ, ಗೋಡೆಯ ಗೂಡಿನಲ್ಲಿ ವಿಭೂತಿಯ ಗಟ್ಟಿ. ಟ್ರಂಕುಗಳ ಸಾಲು ದೂರಕ್ಕೆ ಹೋದಂತೆ ಕಿರಿದಾಗುವುದನ್ನು ಕಂಡ ಬಾಲಕನಿಗೆ ಪರ್ಸ್‌ಪೆಕ್ಟಿವ್ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಅಂತೆಯೇ, ಮನೆಬಿಟ್ಟು ಬಂದ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಊರಿನ ನಡುಮನೆಯನ್ನು ನೆನಪಿನಿಂದ ಬರೆಯಲು ಕುಳಿತರೆ, ಅವನ ಮನಸ್ಸಿಗೆ ದೊರೆಯುವ ಸಮಾಧಾನವನ್ನು ಯಾವ ಉಪದೇಶವೂ ಕೊಡಲಾರದು.

ಹನ್ನೆರಡನೆಯ ಶತಮಾನದ ಶರಣರ ನಿಲುವು ಇಲ್ಲಿ ದಾರಿದೀಪವಾಗಬೇಕು. ಬೇಲೂರಿನಲ್ಲಿ ಕಲ್ಲು ದೇಗುಲವಾದ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಕಾಯಕದ ಮನೆಗಳು ಅನುಭಾವದ ನೆಲೆಗಳಾದವು. ಮಡಕೆ ಮಾಡುವ ಗುಂಡಯ್ಯ, ಹಗ್ಗ ಹೊಸೆಯುವ ಚಂದಯ್ಯ ಇವರ ಕೆಲಸದ ಮನೆಗಳು ಗೌರವಕ್ಕೆ ಪಾತ್ರವಾದವು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಈ ಶಾಲೆಗಳ ಮಕ್ಕಳೆಲ್ಲರೂ ಕೇಳಿದ್ದಾರೆ. ಆ ದಂಪತಿಗಳ ಮನೆಯಲ್ಲಿ ಇದ್ದುದು ಕಡಮೆ. ನಾಚಿಕೆಗೆ ಮಾತ್ರ ಅಲ್ಲಿ ಎಡೆಯಿರಲಿಲ್ಲ. ಆ ಕಥೆಯನ್ನು ಬಾಯಿಪಾಠ ಒಪ್ಪಿಸಿ, ತನ್ನ ಮನೆಯ ಜಾಗದಲ್ಲಿ ಇಲ್ಲದ ಸೋಫಾವನ್ನು ಬರೆಯುವ ಮಗುವಿಗೆ ಕಥೆ ತಲುಪಿಲ್ಲವೆಂದೇ ಅರ್ಥ.

ಕಣ್ಮರೆಯಾಗುತ್ತಿರುವ ಅಟ್ಟ

ಕೊನೆಯದಾಗಿ ದಾಖಲೆಯ ಮಾತು. ದೇವಾಲಯಗಳನ್ನು ಕಾಯಲು ಪುರಾತತ್ತ್ವ ಇಲಾಖೆಯಿದೆ. ಮನೆಗಳನ್ನು ಕಾಯಲು ಯಾರೂ ಇಲ್ಲ. ಅರಸೀಕೆರೆ, ತಿಪಟೂರು ಸೀಮೆಯ ತೆಂಗು ಬೆಳೆಗಾರರ ಹಳೆಯ ಮನೆಗಳಲ್ಲಿ ಅಟ್ಟವೆಂಬುದು ಬರಿಯ ಮಾಳಿಗೆಯಲ್ಲ. ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಲ್ಲಿ ಹರಡಿ, ಹತ್ತಾರು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬೇರ್ಪಟ್ಟು ಉಂಡೆಯಾಗುತ್ತದೆ. ಕೆಳಗೆ ಮಲಗಿದವರ ತಲೆಯ ಮೇಲೆ ಒಂದು ವರ್ಷದ ದುಡಿಮೆ ಒಣಗುತ್ತಿರುತ್ತದೆ. ಬೇಲೂರಿನ ಮಳೆಸೀಮೆಯಲ್ಲಿ ಮಾಡಿನ ಇಳಿಜಾರು ಬೇರೆ, ಜಗಲಿಯ ಅಗಲ ಬೇರೆ, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವ ವಸ್ತುಗಳೇ ಬೇರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನಾಡಿಗೆಲ್ಲ ಹಬ್ಬಿದ ಮಂಗಳೂರು ಹೆಂಚು ಕೂಡ ಈಗ ತಾರಸಿಗೆ ಎಡೆಮಾಡಿಕೊಡುತ್ತಿದೆ. ಒರಳು, ಬೀಸುಕಲ್ಲು, ನೆಲುವು, ಕಣಜ ಇವುಗಳ ಹೆಸರುಗಳೇ ಮಕ್ಕಳ ಬಾಯಿಂದ ಜಾರಿಹೋಗುತ್ತಿವೆ.

ಹೊಸ ಮನೆಗಳು ಬೇಡವೆಂದು ವಾದಿಸುವುದು ಸರಿಯಲ್ಲ. ಹೊಗೆಯಿಲ್ಲದ ಅಡಿಗೆಮನೆ ತಾಯಂದಿರ ಕಣ್ಣನ್ನೂ ಎದೆಯನ್ನೂ ಉಳಿಸಿದೆ. ಅದು ಸಂತೋಷದ ಸಂಗತಿ. ಆದರೆ ಹೋಗುವುದನ್ನು ಒಮ್ಮೆ ಕಣ್ತುಂಬ ನೋಡಿ ಬರೆದಿಡುವುದು ನಾಗರಿಕತೆಯ ಲಕ್ಷಣ. ಮೊಬೈಲ್ ಫೋನಿನಲ್ಲಿ ಒಂದು ಕ್ಷಣದಲ್ಲಿ ಫೋಟೋ ತೆಗೆಯಬಹುದಲ್ಲವೇ ಎನ್ನುವವರಿದ್ದಾರೆ. ತೆಗೆಯಲಿ, ಅದೂ ಬೇಕು. ಆದರೆ ಫೋಟೋ ತೆಗೆದವನು ಒಂದು ಕ್ಷಣ ನೋಡುತ್ತಾನೆ. ಚಿತ್ರ ಬರೆದವನು ಎರಡು ಗಂಟೆ ನೋಡುತ್ತಾನೆ. ಆ ಎರಡು ಗಂಟೆಗಳಲ್ಲಿ ಅವನು ‘ಇದೇಕೆ ಇಲ್ಲಿದೆ’ ಎಂದು ಅಜ್ಜಿಯನ್ನು ಹತ್ತು ಬಾರಿ ಕೇಳುತ್ತಾನೆ. ಒಲೆಯ ಮುಂದಿನ ನೆಲ ಸವೆದಿರುವುದನ್ನು ಕಂಡು, ಅಲ್ಲಿ ಎಷ್ಟು ವರ್ಷ ಯಾರು ಕುಳಿತಿದ್ದರೆಂದು ಯೋಚಿಸುತ್ತಾನೆ. ಮನೆಯ ದುಡಿಮೆಯಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟೆಂಬುದು ಹೀಗೆ ನೋಡಿದವನಿಗೆ ಹೇಳದೆಯೇ ತಿಳಿಯುತ್ತದೆ.

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆಲ್ಲ ವೇಳೆಯೆಲ್ಲಿದೆ ಎಂಬುದು ಕೊನೆಯ ಆಕ್ಷೇಪ. ಚಿತ್ರಕಲೆಯ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವ ರೂಢಿ ಅನೇಕ ಕಡೆ ಬೇರೂರಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣವನ್ನು ಪಠ್ಯದ ಅಂಗವಾಗಿಯೇ ಪರಿಗಣಿಸಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಕಲಿಕೆಯೊಡನೆ ಬೆಸೆಯುವ ಮಾತನ್ನಾಡಿದೆ. ಕಾಗದದ ಮೇಲಿನ ಈ ಮಾತುಗಳು ತರಗತಿಗೆ ಇಳಿಯಬೇಕಾದರೆ ಆಡಳಿತವರ್ಗದ ಮನಸ್ಸು ಬೇಕು. ಉಪಯೋಗವನ್ನೇ ಕೇಳುವವರಿಗೂ ಉತ್ತರವಿದೆ. ವಾಸ್ತುಶಿಲ್ಪದ ಪದವಿಗೆ ಸೇರಬಯಸುವವರು 2006ರಿಂದ ನಡೆಯುತ್ತಿರುವ ‘ನಾಟಾ’ ಪರೀಕ್ಷೆಯಲ್ಲಿ ರೇಖೆ, ಪ್ರಮಾಣ, ಅವಕಾಶಗಳ ಅರಿವನ್ನು ತೋರಿಸಬೇಕು. ಒಳಾಂಗಣ ವಿನ್ಯಾಸಕಾರರು ಗಣಕಯಂತ್ರದ ಮುಂದೆ ಕೂರುವ ಮೊದಲು ಇಂದಿಗೂ ಮಾರ್ಕರ್ ಮತ್ತು ಬಣ್ಣದ ಪೆನ್ಸಿಲುಗಳಿಂದಲೇ ತಮ್ಮ ಕಲ್ಪನೆಯನ್ನು ಮೂಡಿಸುವುದುಂಟು. ಹೀಗಿದ್ದರೂ ಇದು ಎರಡನೆಯ ಲಾಭ. ಮೊದಲನೆಯದು, ತನ್ನ ಮನೆಯನ್ನು ಕಣ್ಣೆತ್ತಿ ನೋಡಬಲ್ಲ ಮನುಷ್ಯನೊಬ್ಬನು ಸಿದ್ಧನಾಗುವುದು.

ಆಗಬೇಕಾದುದು ಹೆಚ್ಚೇನೂ ಇಲ್ಲ. ಪ್ರತಿ ವರ್ಷ ಬೇಸಿಗೆ ರಜೆಯ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಶಾಲೆಯ ವತಿಯಿಂದ ಒಂದು ಡ್ರಾಯಿಂಗ್ ಹಾಳೆಯನ್ನು ಕೊಡಬೇಕು. ಅನುಕೂಲವಿಲ್ಲದವರಿಗೆ ಬಣ್ಣದ ಪೆಟ್ಟಿಗೆಯನ್ನೂ ಒದಗಿಸಬೇಕು. ಮರಳಿ ಬಂದ ಹಾಳೆಗಳ ಹಿಂದೆ ಊರು, ಕೋಣೆ, ವರ್ಷ ಇಷ್ಟನ್ನು ಬರೆಸಿ, ಒಪ್ಪಿಗೆ ಕೊಟ್ಟವರ ಹಾಳೆಗಳನ್ನು ಗ್ರಂಥಾಲಯದ ಒಂದು ಬೀರುವಿನಲ್ಲಿ ಕಾಪಾಡಬೇಕು. ಇಪ್ಪತ್ತು ವರ್ಷಗಳ ಬಳಿಕ ಆ ಬೀರುವನ್ನು ತೆರೆದವರಿಗೆ, ಯಾವ ಗ್ಯಾಸೆಟಿಯರಿನಲ್ಲೂ ಸಿಗದ ಅರಸೀಕೆರೆ, ಬೇಲೂರು, ಹಳೇಬೀಡುಗಳು ಸಿಗುತ್ತವೆ: ಕೊಬ್ಬರಿಯ ಅಟ್ಟದ ಕೆಳಗೆ ಹಾಸಿದ ಚಾಪೆ, ಕೂಲಿಲೈನಿನ ಕಿಟಕಿಯಲ್ಲಿ ಒಣಗುವ ಛತ್ರಿ, ಪ್ರಸಾದನಿಲಯದ ಟ್ರಂಕಿನ ಸಾಲು. ಹೊಯ್ಸಳರ ಶಿಲ್ಪಿಗಳಂತೆ ಆ ಹಾಳೆಗಳ ಕೆಳಗೆ ಮಕ್ಕಳೂ ತಮ್ಮ ಹೆಸರನ್ನು ಧೈರ್ಯದಿಂದ ಬರೆಯುವಂತಾಗಲಿ.